ಮೋಟಾರಕ್ಕನಿಗೆ ಬಂದ ಕನಿಕರ

ಹೊಲಿಯುವವಳಿಗೆ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕಿರಬೇಕು, ಇಲ್ಲದಿದ್ದರೆ ಗಿರಾಕಿಗಳು ತಲೆಯ ಮೇಲೆ ಕೂರುತ್ತಾರೆ. ಮೋಟಾರಕ್ಕನಿಗೆ ಎರಡೂ ಇದ್ದವು. ಇಲ್ಲದಿದ್ದದ್ದು ಕಾಲಿನ ಬಲ. ಚಿಕ್ಕಂದಿನಲ್ಲಿ ಬಂದ ಜ್ವರ ಅದನ್ನು ಕಿತ್ತುಕೊಂಡಿತ್ತು. ಸರ್ಕಾರದಿಂದ ಬರುವ ಮಾಸಾಶನವನ್ನು ಕೂಡಿಟ್ಟು ಅವಳು ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡಳು, ಅಂದಿನಿಂದ ಬೀದಿಗೆಲ್ಲ ಮೋಟಾರಕ್ಕ. ಮುಂದಿನ ಕೋಣೆಯಲ್ಲಿ ಅವಳು ಹೊಲಿದರೆ ಹಿಂದಿನ ಕೋಣೆಯಲ್ಲಿ ಅಮ್ಮ ಗುಂಡಿ ಹಾಕುತ್ತಿದ್ದಳು. ಅಂಗಿ ಬಿಗಿಯಾಯಿತೆಂದು ಯಾರಾದರೂ ಜಗಳಕ್ಕೆ ಬಂದರೆ, ಅಳತೆ ಕೊಟ್ಟ ಮೇಲೆ ನೀವು ಬೆಳೆದರೆ ನನ್ನ ಕತ್ತರಿ ಏನು ಮಾಡೀತು ಎನ್ನುತ್ತಿದ್ದಳು. ಬೈದುಕೊಂಡು ಹೋದವರೇ ಮುಂದಿನ ತಿಂಗಳು ಹೊಸ ಬಟ್ಟೆ ಹಿಡಿದು ಬರುತ್ತಿದ್ದರು.

ಹೀಗಿರುವಾಗ ಮಾಸಾಶನ ಪಡೆಯುವವರ ಬಗ್ಗೆ ಬರೆಯಲೆಂದು ಪತ್ರಿಕೆಯವನೊಬ್ಬ ಬಂದ. ಕೆಟ್ಟವನೇನಲ್ಲ, ನೀರು ಕೇಳಿ ಕುಡಿದ, ಅಮ್ಮನನ್ನು ಅಜ್ಜಿ ಎಂದು ಕರೆದ. ಮೋಟಾರು ಕೊಂಡದ್ದು, ತನ್ನ ಹತ್ತಿರ ಕೆಲಸ ಕಲಿತ ಹುಡುಗಿಯರು ಸ್ವಂತ ಅಂಗಡಿ ಇಟ್ಟದ್ದು, ಎಲ್ಲವನ್ನೂ ಮೋಟಾರಕ್ಕ ಹೇಳಿದಳು. ಫೋಟೋಗೆ ಮಾತ್ರ ಅವನು ಯಂತ್ರ ಬಿಟ್ಟು ಹೊಸ್ತಿಲ ಮೇಲೆ ಕೂರಲು ಹೇಳಿದ. ಕೊರಳಲ್ಲಿದ್ದ ಟೇಪನ್ನೂ ತೆಗೆಸಿದ. ಮಾರನೆಯ ದಿನ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು: ‘ದಿಕ್ಕಿಲ್ಲದ ಅಂಗವಿಕಲೆಗೆ ಸರ್ಕಾರದ ಹಿಡಿಗಾಸೇ ಗತಿ.’ ಬಿಸಿಲಿಗೆ ಕಿರಿದಾದ ಕಣ್ಣು ಫೋಟೋದಲ್ಲಿ ಅತ್ತಂತೆ ಕಾಣುತ್ತಿತ್ತು. ಮೋಟಾರಿನ ಮಾತೇ ಇಲ್ಲ. ನಾನಿನ್ನೂ ಬದುಕಿರುವಾಗ ನೀನು ಹೇಗೆ ದಿಕ್ಕಿಲ್ಲದವಳಾದೆ ಎಂದು ಅಮ್ಮ ಕೇಳಿದಳು.

ಜನರಿಗೆ ಕರುಣೆಯಿಲ್ಲ ಎನ್ನುವವರು ಆಗ ಆ ಬೀದಿಗೆ ಬಂದು ನೋಡಬೇಕಿತ್ತು. ದಿನಸಿ ಬಂತು, ಹಳೆಯ ಬಟ್ಟೆಗಳ ಗಂಟು ಬಂತು. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಮಾತ್ರ, ಪಾಪ ನಿಮಗೇಕೆ ತೊಂದರೆ ಎಂದು ಒಬ್ಬೊಬ್ಬರಾಗಿ ವಾಪಸು ಒಯ್ದರು. ಗತಿಯಿಲ್ಲದವಳು ಎಂದು ಒಮ್ಮೆ ಅಚ್ಚಾದ ಮೇಲೆ ಅವಳ ಕತ್ತರಿಗೆ ಒಳ್ಳೆಯ ಬಟ್ಟೆ ಯಾರು ಕೊಡುತ್ತಾರೆ?

ತನ್ನ ಬರಹದಿಂದ ಎಷ್ಟು ಒಳ್ಳೆಯದಾಯಿತೆಂದು ತಿಳಿಯಲು ಪತ್ರಿಕೆಯವನೇ ಮತ್ತೆ ಬಂದ. ಓದಿದವರ ಮನಸ್ಸು ಕರಗಲಿ ಎಂದು ಹಾಗೆ ಬರೆದೆ ಎಂದ.

“ಕರಗ್ತಪ್ಪಾ. ಕನಿಕರ ಬೇಕಾದಷ್ಟು ಬಂತು, ಕೆಲಸ ಬರ್ಲಿಲ್ಲ,” ಎಂದಳು ಮೋಟಾರಕ್ಕ. “ಆ ದುಡ್ಡಲ್ಲಿ ನಾನೇನ್ ಮಾಡ್ದೆ ಅಂತ ಬರೀಬೇಕಿತ್ತು.”

ಅವನ ಮುಖ ಸಣ್ಣದಾಯಿತು. ಮಾಸಾಶನದಿಂದ ಮೋಟಾರು ಕೊಂಡು ಮನೆ ನಡೆಸುವ ಟೈಲರ್ ಎಂದು ಈ ಸಲ ನೆಟ್ಟಗೆ ಬರೆದ. ಫೋಟೋದಲ್ಲಿ ಯಂತ್ರವೂ ಇತ್ತು.

ಅದನ್ನು ಓದಿದರೋ ಏನೋ, ಹಳೆಯ ಗಿರಾಕಿ ಲಾಯರಮ್ಮ ಕೋರ್ಟಿನ ಕಪ್ಪು ಕೋಟಿಗೆ ಬಟ್ಟೆ ತಂದರು. ಜಗಳವೇ ಅವರ ಹೊಟ್ಟೆಪಾಡು. ಹೊಲಿಗೆ ಕೂದಲೆಳೆಯಷ್ಟು ತಪ್ಪಿದರೂ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಆದರೆ ಈ ಸಲ ಅವರು ಚೌಕಾಸಿ ಮಾಡಲಿಲ್ಲ, ನಿಧಾನಕ್ಕೆ ಕೊಡು ಎಂದರು. ಮೋಟಾರಕ್ಕನಿಗೆ ದಿಗಿಲಾಯಿತು. ಕೆಲಸ ಕೊಟ್ಟರೋ ಭಿಕ್ಷೆ ಕೊಟ್ಟರೋ ಎಂದು ತಿಳಿಯಲೇಬೇಕಿತ್ತು. ಹುಟ್ಟಿದಾಗಿನಿಂದ ಅಂಥ ಕೆಲಸ ಮಾಡದವಳು, ಒಂದು ತೋಳನ್ನು ಬೇಕೆಂದೇ ಬಿಗಿಯಾಗಿ ಹೊಲಿದಳು. ಬೈಸಿಕೊಂಡ ಮೇಲೆ ಬಿಚ್ಚಿ ಸರಿಮಾಡಲು ಒಳಗೆ ಬಟ್ಟೆಯನ್ನೂ ಬಿಟ್ಟಳು.

ಲಾಯರಮ್ಮ ಕೋಟು ತೊಟ್ಟರು. ಕೈ ಎತ್ತಲು ಹೋದರು, ಅದು ಎದೆಯ ಮಟ್ಟಕ್ಕೂ ಏಳಲಿಲ್ಲ. ಮೋಟಾರಕ್ಕ ಬೈಗುಳಕ್ಕೆ ಕಾದಳು.

“ಚೆನ್ನಾಗೇ ಇದೆ ಬಿಡಮ್ಮ. ಪಾಪ, ಕೈಲಾದಷ್ಟು ಮಾಡಿದೀಯ,” ಎಂದು ಅವರು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಹೋದರು.

ಲಾಯರಮ್ಮ ಏನೆಂದರು ಎಂದು ಅಮ್ಮ ಒಳಗಿನಿಂದ ಕೇಳಿದಳು.

“ಬೈಲಿಲ್ಲಮ್ಮ,” ಎಂದ ಮೋಟಾರಕ್ಕ ಯಂತ್ರದ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು.