ಭಾಲ್ಕಿಯಿಂದ ಚಿಂತಾಕಿಗೆ ಒಂದು ಬಾಜಾಪೆಟ್ಟಿಗೆ

ಬೀದರ್‌ನಿಂದ ಬೆಳಿಗ್ಗೆ ಏಳರ ಬಸ್ಸು ಹಿಡಿದೆ. ಭಾಲ್ಕಿ ನಲವತ್ತು ಕಿಲೋಮೀಟರ್ ಆಸುಪಾಸು. ಮಳೆ ನಿಂತಿತ್ತು, ಸೋಯಾ ಹೊಲಗಳಲ್ಲಿ ನೀರು ಉಳಿದಿತ್ತು.

ಚಿಂತಾಕಿಯ ನನ್ನ ಅಕ್ಕ ಸುಜಾತಾಳಿಗೆ ಲಕ್ವಾ ಹೊಡೆದು ಮೂರು ತಿಂಗಳಾಗಿತ್ತು. ಬಲಗೈ ಬಿದ್ದುಹೋಗಿತ್ತು. ಮಾತಿನಲ್ಲಿ ಉಳಿದದ್ದು ‘ಹೂಂ’ ಒಂದೇ. ಹುಣ್ಣಿಮೆಗೊಮ್ಮೆ ಊರಿನ ಬುದ್ಧ ವಿಹಾರದಲ್ಲಿ ಬಾಜಾಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ನುಡಿಸಿ ಹಾಡುತ್ತಿದ್ದವಳು ಅವಳು. ಮಾತು ಹೋದವರಿಗೂ ಕೆಲವೊಮ್ಮೆ ಹಾಡು ಬರುತ್ತದೆ, ಪ್ರಯತ್ನಿಸಿ ಎಂದು ವೈದ್ಯರು ಹೇಳಿದ್ದರು. ಆದರೆ ಪೆಟ್ಟಿಗೆಗೆ ಗಾಳಿ ತುಂಬುವ ತಿದಿಯನ್ನು ಇಲಿ ಕಡಿದಿತ್ತು. ಅದನ್ನು ಭಾಲ್ಕಿಯಲ್ಲಿ ರಿಪೇರಿಗೆ ಕೊಟ್ಟಿದ್ದೆ.

‘ಎಡಗೈಲೆ ಬಾರಸ್ಲಿ. ಗಾಳಿ ಹಾಕ್ಲಾಕ ಎದುರಿಗಿ ಒಬ್ಬರು ಕೂಡ್ರಿ’ ಎಂದರು ರಿಪೇರಿಯ ಮುದುಕರು, ಪೆಟ್ಟಿಗೆಯನ್ನು ನನ್ನ ಕೈಗಿಡುತ್ತ.

ಔರಾದ ಬಸ್ಸಿನಲ್ಲಿ ಕಂಡಕ್ಟರ್ ಪೆಟ್ಟಿಗೆಗೆ ಲಗೇಜ್ ಟಿಕೆಟ್ ಕೇಳಿದರು.

‘ಇದು ನಮ್ಮಕ್ಕಂದು ಅದರಿ.’

‘ಹೌದಾ? ಪೆಟಗಿದು ಆಧಾರ್ ಕಾರ್ಡ್ ತೋರಸ್ರಿ, ಫ್ರೀ ಬಿಡ್ತೀನಿ.’

ಆಧಾರ್ ತೋರಿಸಿ ಪುಕ್ಕಟೆ ಕೂತಿದ್ದ ಹೆಂಗಸರೆಲ್ಲ ನಕ್ಕರು. ನಾನು ಟಿಕೆಟ್ ತೆಗೆದುಕೊಂಡೆ.

ಔರಾದ ನಿಲ್ದಾಣದಲ್ಲಿ ಸುಸಲಾ, ಮಿರ್ಚಿ ಭಜಿ ತಿಂದು ಆಟೊ ಹತ್ತಿದೆ. ಚಿಂತಾಕಿ ಮುಟ್ಟಿದಾಗ ಎರಡು ಗಂಟೆ.

ಅಕ್ಕನ ಎದುರು ಭಾವ ಕುಳಿತರು. ಹೊಲ ಬಿಟ್ಟರೆ ಬೇರೆ ತಿಳಿಯದವರು. ಟ್ರ್ಯಾಕ್ಟರ್ ಗಾಲಿಗೆ ಗಾಳಿ ತುಂಬುವವರಂತೆ ತಿದಿ ಒತ್ತಿದರು. ಪೆಟ್ಟಿಗೆ ಕಿರುಚಿತು. ಅಕ್ಕ ಎಡಗೈ ಬೆರಳಿಟ್ಟು ಬಾಯಿ ತೆರೆದಳು. ಏನೂ ಬರಲಿಲ್ಲ. ಎರಡನೇ ಸಲವೂ ಇಲ್ಲ. ಅವಳು ಕೈ ಹಿಂದೆಗೆದುಕೊಂಡಳು. ನಾನು ಬಾಗಿಲ ಕಡೆ ನೋಡಿದೆ. ಭಾವ ಮಾತ್ರ ಬಿಡದೆ ಇನ್ನೂ ಜೋರಾಗಿ ಒತ್ತಿದರು.

ಅಕ್ಕ ಮತ್ತೆ ಬೆರಳಿಟ್ಟಳು. ‘ಸಾ...’ ಸ್ವರ ಹತ್ತಿತು. ಅದು ಅಲ್ಲಿಗೇ ನಿಲ್ಲಲಿಲ್ಲ. ‘ಸಾ... ಸಾವಕಾಶ... ಸಾವಕಾಶ ಹಾಕ್ರೀ!’

ಭಾವನ ಕೈ ನಿಂತಿತು. ‘ಮೂರ್ ತಿಂಗಳಾದ ಮ್ಯಾಲ ಬಾಯಿ ಬಿಟ್ಟಾಳ ನೋಡು, ಅದೂ ನನಗ ಬೈಲಾಕ!’ ಎಂದು ನಕ್ಕರು. ಟವೆಲ್‌ನಿಂದ ಕಣ್ಣೊರೆಸಿಕೊಂಡರು. ‘ಇನ್ನೊಮ್ಮಿ ಬೈ.’

ಅಕ್ಕ ಇನ್ನೊಮ್ಮೆ ಹಾಡಿ ಬೈದಳು.

ಹಾಡದೆ ಬರೀ ಮಾತಿನಲ್ಲಿ ಹೇಳು ಎಂದೆ. ತುಟಿಗಳು ಅಲುಗಿದವು, ‘ಹೂಂ’ ಮಾತ್ರ ಬಂತು. ರಾಗ ಹಿಡಿದರೆ ಮಾತು ಬರುತ್ತಿತ್ತು, ಬಿಟ್ಟರೆ ಇಲ್ಲ. ಹಾಗಿದ್ದೂ ಸಂಜೆಯೊಳಗೆ ನೀರು, ರೊಟ್ಟಿ ಎಲ್ಲವನ್ನೂ ಹಾಡಿ ಕೇಳಿದಳು, ನನ್ನನ್ನೂ ಹೆಸರು ಹಾಡಿ ಕರೆದಳು. ಆ ದಿನ ಮನೆಯಲ್ಲಿ ಎಲ್ಲರೂ ಎರಡೆರಡು ರೊಟ್ಟಿ ಹೆಚ್ಚು ತಿಂದೆವು.

ಮರುದಿನ ಎಂಟಕ್ಕೆ ಹೊರಟೆ. ಭಾವ ನನ್ನ ಚೀಲ ಹಿಡಿದು ಆಟೊದವರೆಗೆ ಬಂದರು. ಒಳಗಿನಿಂದ ಅಕ್ಕನ ಸ್ವರ ಕೇಳಿಸಿತು: ‘ಬರ್ರೀ...’

‘ನೀ ನಡಿಯಪ್ಪ, ನನಗ ಗಾಳಿ ಹಾಕೋ ಡ್ಯೂಟಿ ಅದ’ ಎಂದು ಚೀಲವನ್ನು ನನ್ನ ಕೈಗೆ ತುರುಕಿ, ಭಾವ ಒಳಗೆ ಓಡಿದರು.