ಗಿರಣಿ ಅಕ್ಕನ ಬೆಸುಗೆ

ಮೊನ್ನೆ ಪುತ್ತೂರಿನಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟು ಕಾಯುತ್ತಿದ್ದೆ. ಬೆಸುಗೆ ಹಾಕುವಾಗ ರಾಳ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕೂರಲಾಗದೆ ಎದ್ದು ಹೊರಗೆ ಬಂದೆ. ನನಗೆ ಆ ವಾಸನೆ ಎಂದರೆ ಸವಣೂರಿನ ಗಿರಣಿ ಅಕ್ಕ...

ಪಕ್ಕದ ಮನೆಯವರು. ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಂಡ ರೇಡಿಯೋ ರಿಪೇರಿಯವರು. ಅವರು ತೀರಿಕೊಂಡ ಮೇಲೆ ಬೆಸುಗೆಯ ಕಡ್ಡಿ ಅಕ್ಕನ ಕೈಗೆ ಬಂತು. ಗಿರಣಿಯ ಮೋಟರಿನ ವಯರ್ ತುದಿಗಳಿಗೂ ತಾವೇ ಸೀಸ ಕರಗಿಸಿ, ಬೋಲ್ಟಿಗೆ ಸಿಕ್ಕಿಸುವ ತಾಮ್ರದ ಲಗ್ ಕೂರಿಸುತ್ತಿದ್ದರು. ಆಗ ಅವರ ಮುಖ ನೋಡಬೇಕು, ಗಂಡ ಪಕ್ಕದಲ್ಲೇ ಕೂತ ಹಾಗೆ. ಹಠವೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ಬೇಸಿಗೆಯಲ್ಲಿ ವೋಲ್ಟೇಜ್ ತೀರಾ ಕಡಿಮೆ. ಮೋಟರ್ ನರಳುತ್ತಾ ತಿರುಗುತ್ತಿತ್ತು. ಹಿಟ್ಟಿನ ಪರಿಮಳದ ನಡುವೆ ಪ್ಲಾಸ್ಟಿಕ್ ಬೆಂದ ವಾಸನೆ ಆಗಾಗ ಸುಳಿಯುತ್ತಿತ್ತು. ಬಿಸು ಹಬ್ಬದ ಹಿಂದಿನ ದಿನ ನಾನು ಅಕ್ಕಿ ಹಿಡಿದು ನಿಂತಿದ್ದಾಗ ಮೋಟರ್ ವೈಂಡಿಂಗಿನವ ಬಂದು ವಯರ್ ಮುಟ್ಟಿ ನೋಡಿದ.

“ಅಕ್ಕ, ಇದು ನಡುಗುವ ಮೋಟರ್. ಸೀಸ ಹಿಡಿದಲ್ಲಿ ವಯರ್ ಸೆಟೆದು ನಿಲ್ತದೆ, ಅದರ ಬುಡದಲ್ಲೇ ತುಂಡಾಗುದು. ಬಿಸಿ ಹೆಚ್ಚಾದ್ರೆ ಸೀಸವೇ ಕರಗ್ತದೆ. ಅಳತೆಯ ಲಗ್ ಉಂಟು, ಸೀಸ ಇಲ್ಲದೆ ಇಕ್ಕಳದಲ್ಲೇ ಒತ್ತಿ ಕ್ರಿಂಪ್ ಮಾಡಿ ಕೊಡ್ತೇನೆ. ಅರ್ತ್ ವಯರಿಗೂ.”

“ಎಂತ ಮಾರಾಯ, ಬರೇ ಒತ್ತಿದ್ದು ಗಟ್ಟಿಯಾ? ನಮ್ಮನೆಯವರು ಹಾಕಿದ ಬೆಸುಗೆ ಒಂದಾದ್ರೂ ಬಿಟ್ಟದ್ದುಂಟಾ? ಬಿಸು ಕಳೀಲಿ, ಮತ್ತೆ ನೋಡುವ.”

ಅವನು ಚೀಲ ಹೆಗಲಿಗೇರಿಸಿ ಹೊರಟ. ಸಾಲಿನಲ್ಲಿದ್ದ ನಾವೆಲ್ಲ ಅಕ್ಕಿಯ ಚೀಲ ಮುಂದೆ ಸರಿಸಿದೆವು.

ಮಧ್ಯಾಹ್ನ ಮೋಟರ್ ಒಮ್ಮೆಲೇ ಬೇರೆ ಸ್ವರ ತೆಗೆಯಿತು. ಮಗುವಿನ ಜ್ವರ ನೋಡುವ ಹಾಗೆ ಅದರ ಮೇಲೆ ಅಂಗೈ ಇಟ್ಟು ನೋಡುವುದು ಅಕ್ಕನ ಅಭ್ಯಾಸ. ಇಟ್ಟರು. ಲಗ್ಗಿನ ಬುಡದಲ್ಲಿ ತುಂಡಾದ ವಯರ್ ಮೋಟರಿನ ಕಬ್ಬಿಣಕ್ಕೆ ತಾಗಿತ್ತು. ಹಾಗೆ ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಿದ್ದ ಅರ್ತಿನ ಬೆಸುಗೆ ಅದಕ್ಕೂ ಮೊದಲೇ ಬಿಟ್ಟಿತ್ತು. ಇದೆಲ್ಲ ತಿಳಿದದ್ದು ಆಮೇಲೆ. ಯಾರೋ ಓಡಿ ಮೈನ್ ಸ್ವಿಚ್ ಇಳಿಸುವಷ್ಟರಲ್ಲಿ ಅಕ್ಕ ಹಿಟ್ಟಿನ ಮೇಲೆ ಬಿದ್ದಿದ್ದರು... ಮತ್ತೆ ಏಳಲಿಲ್ಲ.

ಬಿಸು ಕಳೆದು ವೈಂಡಿಂಗಿನವ ಬಂದ, ಮೋಟರ್ ಕಳಚಿಡಲಿಕ್ಕೆ.

ರೇಡಿಯೋದೊಳಗೆ ಬೆಸುಗೆಯೇ ಸರಿ, ನನ್ನ ಮೊಬೈಲಿನೊಳಗೂ ಸರಿ. ಹಗಲಿಡೀ ನಡುಗಿ ಬಿಸಿಯಾಗುವ ಮೋಟರಿಗೆ ಅಲ್ಲ. ಹೇಳಲಿಕ್ಕೆ ಇಷ್ಟೇ ಇದ್ದದ್ದು. ಆದರೆ ಅಕ್ಕ ಗಂಡನ ಮಾತೆತ್ತಿದ ಮೇಲೆ ಯಾರಿಗೂ ಬಾಯಿ ಬರಲಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ನನಗೆ ಇನ್ನೂ ಇಳಿದಿಲ್ಲ. ಒಮ್ಮೆ ಎದುರು ನಿಂತು ಚೆನ್ನಾಗಿ ಬೈಯಬೇಕು ಅನ್ನಿಸುತ್ತದೆ, ಬೈಸಿಕೊಳ್ಳಲು ಅಕ್ಕ ಇಲ್ಲ.