ಗಾಡಿ ಅಡಿಯ ಭಟ್ಟರು

ಅವರ ಜನಿವಾರಕ್ಕೆ ಗ್ರೀಸ್ ಹತ್ತಿರುತ್ತಿತ್ತು. ಎಡ ಹೆಗಲಿನಿಂದ ಬೆಳ್ಳಗೆ ಇಳಿದು ಬಂದ ದಾರ ಹೊಟ್ಟೆಯ ಮಡಿಕೆ ದಾಟುವಲ್ಲಿ ಕಪ್ಪಾಗುತ್ತಿತ್ತು. ಅಲ್ಲಿಂದ ಬೆನ್ನಿಗೆ ತಿರುಗಿದ ಮೇಲೆ ಅದರ ಬಣ್ಣ ಯಾವುದೆಂದು ಹೇಳುವ ಹಾಗಿರಲಿಲ್ಲ. ಆಯುಧಪೂಜೆಯ ಸಂಜೆ ಅವರ ಪಂಚೆಯ ಹಿಂಭಾಗ ನೋಡಿದರೆ ಮುಂಬಯಿ ಹೊರವಲಯದ ಡೊಂಬಿವ್ಲಿಯಿಂದ ತುರ್ಭೆಯವರೆಗೆ ಎಷ್ಟು ಗಾಡಿಗಳ ಎಣ್ಣೆ ಸೋರುತ್ತಿದೆ ಎಂದು ಗೊತ್ತಾಗುತ್ತಿತ್ತು. ಹಣೆಯಲ್ಲಿ ಗಂಧ, ಉಗುರಿನ ಸಂದಿಯಲ್ಲಿ ಮಸಿ. ಅದೇ ಕೈಯಿಂದ ಪ್ರಸಾದ ಕೊಡುತ್ತಿದ್ದರು. ನಾವು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದೆವು.

ಅವರು ನಮ್ಮ ಮನೆಯ ಪುರೋಹಿತರು. ಉಡುಪಿ ಕಡೆಯವರು, ಠಾಕುರ್ಲಿ ಸ್ಟೇಷನ್ನಿಗೆ ಮುಖ ಮಾಡಿದ ಹಳೆಯ ಬಿಲ್ಡಿಂಗೊಂದರಲ್ಲಿ ಮನೆ. ನಾವು ಅಲ್ಲಿಂದ ಒಂದು ಸ್ಟೇಷನ್ ಆಚೆ, ಡೊಂಬಿವ್ಲಿಯಲ್ಲಿ. ಅಪ್ಪನದು ಮದುವೆ ಮುಂಜಿಗಳಿಗೆ ಅಡುಗೆ ಮಾಡಿಸುವ ಕೇಟರಿಂಗ್ ಕೆಲಸ. ಪಾತ್ರೆ ಪಡಗ ಸಾಗಿಸಲು ಒಂದು ಟೆಂಪೋ ಇತ್ತು. ಅಪ್ಪ ಇಲ್ಲವಾದ ಮೇಲೆ ಆ ಕೆಲಸವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ನನಗೆ ಬಾಯಿ ಜೋರು ಎಂದು ತರಕಾರಿ ಮಾರುಕಟ್ಟೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಆಡಲೇಬೇಕಾಗಿದ್ದ ಒಂದು ಮಾತಿಗೆ ಮಾತ್ರ ನನಗೆ ವರ್ಷಗಟ್ಟಲೆ ಬಾಯಿ ಬರಲಿಲ್ಲ.

ಬೇರೆ ಭಟ್ಟರು ಗಾಡಿಯ ಪೂಜೆಯನ್ನು ಮುಂದಿನಿಂದ ಶುರುಮಾಡಿದರೆ ನಮ್ಮ ಭಟ್ಟರು ಅಡಿಯಿಂದ ಶುರುಮಾಡುತ್ತಿದ್ದರು. ಅವರ ಪೂಜೆಯ ಚೀಲದಲ್ಲಿ ಪಂಚಪಾತ್ರೆ, ಉದ್ಧರಣೆ, ಗಂಟೆಗಳ ಜೊತೆಗೆ ಒಂದು ಟಾರ್ಚು, ಒಂದು ಗೋಣಿ, ಚಕ್ರಕ್ಕೆ ಕೊಡಲು ಮರದ ತುಂಡುಗಳು ಇರುತ್ತಿದ್ದವು. ಗಾಡಿ ಸಮನೆಲದಲ್ಲಿ ನಿಂತಿದೆಯೇ ಎಂದು ನೋಡಿ, ಚಕ್ರದ ಹಿಂದೆ ಮುಂದೆ ಮರದ ತುಂಡು ಕೊಟ್ಟು, "ನ್ಯೂಟ್ರಲ್ ಮಾಡಪ್ಪ" ಎಂದು ಡ್ರೈವರನಿಗೆ ಹೇಳಿ, ಗೋಣಿ ಹಾಸಿ ಅಂಗಾತ ಒಳಗೆ ಜಾರುತ್ತಿದ್ದರು. ಹೊರಗೆ ಅವರ ಪಾದಗಳಷ್ಟೇ ಕಾಣುತ್ತಿದ್ದವು.

ಒಳಗೆ ಅವರು ನೋಡುತ್ತಿದ್ದುದು ಒಂದನ್ನೇ. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಕೊಳವೆಯೊಂದಿರುತ್ತದೆ, ಶಾಫ್ಟು. ಅದರ ಎರಡು ತುದಿಗೂ ಕೂಡುಚಿಹ್ನೆಯ ಆಕಾರದ ಒಂದು ಕೀಲು. ಗ್ಯಾರೇಜಿನವರು ಅದಕ್ಕೆ ಕ್ರಾಸ್ ಎನ್ನುತ್ತಾರೆ. ರಸ್ತೆಯ ಏರುತಗ್ಗಿಗೆ ಶಾಫ್ಟು ಬಾಗಿಯೂ ತಿರುಗುವುದು ಅದರಿಂದ. ಭಟ್ಟರು ಒಂದು ಕೈಯಲ್ಲಿ ಶಾಫ್ಟನ್ನೂ ಇನ್ನೊಂದರಲ್ಲಿ ಪಕ್ಕದ ಕವೆಯನ್ನೂ ಹಿಡಿದು, ಒದ್ದೆ ಬಟ್ಟೆ ಹಿಂಡುವಂತೆ ಒಂದನ್ನು ಆಚೆ ಒಂದನ್ನು ಈಚೆ ತಿರುಗಿಸುತ್ತಿದ್ದರು. ಆಮೇಲೆ ಮೇಲೆ ಕೆಳಗೆ ಅಲುಗಿಸಿ ನೋಡುತ್ತಿದ್ದರು. ಕೀಲು ಗಟ್ಟಿಯಿದ್ದರೆ ಏನೂ ಕೇಳುವುದಿಲ್ಲ. ಸವೆದಿದ್ದರೆ ಒಂದು ಸಣ್ಣ 'ಟಕ್'. ಕೊನೆಗೆ ಟಾರ್ಚು ಬಿಟ್ಟು ಕೀಲಿನ ಸುತ್ತ ಕೆಂಪು ತುಕ್ಕಿನ ಪುಡಿ ಬಿದ್ದಿದೆಯೇ, ಗ್ರೀಸ್ ಒಣಗಿದೆಯೇ ಎಂದು ನೋಡುತ್ತಿದ್ದರು. ಎಲ್ಲ ಸರಿಯಿದ್ದರೆ ಹೊರಗೆ ಬಂದು, ಕೈ ತೊಳೆದು, ಆಚಮನ ಮಾಡಿ ಮಂತ್ರ ಶುರು.

ಸರಿಯಿಲ್ಲದಿದ್ದರೆ ಮಂತ್ರವಿಲ್ಲ. ಒಮ್ಮೆ ತುರ್ಭೆಯಲ್ಲಿ ಟ್ರಕ್ಕಿನ ಮಾಲೀಕನೊಬ್ಬ, ಮುಹೂರ್ತ ಮೀರುತ್ತಿದೆ, ಇಲ್ಲಿ ಗ್ಯಾರೇಜು ತೆರೆಯಬೇಡಿ ಎಂದು ರೇಗಿಬಿಟ್ಟನಂತೆ. "ಪಂಡಿತ್‌ಜೀ, ಪೂಜಾ ಕರೋ, ಗ್ಯಾರೇಜ್ ಮತ್ ಖೋಲೋ. ಮುಹೂರತ್ ಜಾ ರಹಾ ಹೈ." ಇವರು ಟ್ರಕ್ಕಿನ ಅಡಿಯಿಂದಲೇ ತಮ್ಮ ಹರಕು ಹಿಂದಿಯಲ್ಲಿ ಉತ್ತರ ಕೊಟ್ಟರಂತೆ: "ಮುಹೂರತ್ ಕಲ್ ಭೀ ಆಯೇಗಾ." ಮುಹೂರ್ತ ನಾಳೆಯೂ ಬರುತ್ತದೆ ಎಂದು. ಅವನು ಬೇರೆ ಭಟ್ಟರನ್ನು ಕರೆಸಿದ. ಮರುವರ್ಷ ಮತ್ತೆ ಇವರನ್ನೇ ಕರೆದ. ಯಾಕೆಂದು ಇವರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಡ್ರೈವರುಗಳ ನಡುವೆ ಇವರಿಗೆ 'ಕ್ರಾಸ್‌ವಾಲೇ ಪಂಡಿತ್' ಎಂದೇ ಹೆಸರು ಬಿದ್ದಿತ್ತು.

ಥಾಣೆ ನಗರದಲ್ಲಿ ಬೆಂಗಳೂರಿನವರೊಬ್ಬರು ಹೊಸ ಕಾರಿಗೆ ಪೂಜೆ ಮಾಡಿಸಿದಾಗ ಪ್ರಸಾದದ ಅಡುಗೆ ನಮ್ಮದೇ. ಭಟ್ಟರು ಎಂದಿನಂತೆ ಗೋಣಿ ಹಾಸಿ ಅಡಿಗೆ ತಲೆ ಹಾಕಿದವರು ಎಷ್ಟು ಹೊತ್ತಾದರೂ ಟಾರ್ಚು ಆಡಿಸುತ್ತಲೇ ಇದ್ದರು. ಹೊರಗೆ ಬಂದಾಗ ಮುಖ ಸಣ್ಣದಾಗಿತ್ತು. "ಇದಕ್ಕೆ ಶಾಫ್ಟೇ ಇಲ್ಲವಲ್ಲ ಮಾರಾಯ್ರೆ" ಎಂದರು. ಮುಂದಿನ ಚಕ್ರದಿಂದಲೇ ಓಡುವ ಕಾರು ಅದು, ಹಿಂದಕ್ಕೆ ಶಾಫ್ಟು ಬೇಡ ಎಂದು ಕಾರಿನವರು ವಿನಯದಿಂದ ತಿಳಿಹೇಳಿದರು. ಭಟ್ಟರಿಗೆ ಸಮಾಧಾನವಾಗಲಿಲ್ಲ. ಪೂಜೆಯುದ್ದಕ್ಕೂ ಕಾರನ್ನು ಅನುಮಾನದಿಂದಲೇ ನೋಡುತ್ತಿದ್ದರು.

ಇದನ್ನೆಲ್ಲ ಓದಿ ನಗು ಬಂದರೆ ನಗಬಹುದು. ನಾಲ್ಕು ಜನರ ಮುಂದೆ ನಾನೂ ನಕ್ಕಿದ್ದೇನೆ. ಅವರು ಗಾಡಿಯ ಅಡಿಗೆ ಹೋಗಲು ಶುರುಮಾಡಿದ್ದು ಯಾಕೆಂದು ಗೊತ್ತಿದ್ದೂ ನಕ್ಕಿದ್ದೇನೆ.

ನನಗೊಬ್ಬ ಅಣ್ಣನಿದ್ದ. ಡ್ರೈವರ್ ರಜೆ ಹಾಕಿದರೆ ಟೆಂಪೋ ಓಡಿಸುವವನು ಅವನೇ. ಆ ವರ್ಷ ನವರಾತ್ರಿಯ ಅಷ್ಟಮಿಯಂದು ಟೆಂಪೋ ಆಯಿಲ್ ಬದಲಿಸಲು ಗ್ಯಾರೇಜಿಗೆ ಹೋಗಿ ಬಂದಿತ್ತು. ಮಧ್ಯಾಹ್ನ ಮನೆಗೆ ಫೋನ್ ಬಂತು. ಎತ್ತಿದವಳು ನಾನು. ಗ್ಯಾರೇಜಿನ ಮೇಸ್ತ್ರಿ, ವಿಜಾಪುರದ ಕಡೆಯವನು. "ಅಕ್ಕಾರ, ಮುಂದಿನ ಕ್ರಾಸ್ ಹೋಗೇತ್ರಿ. ನಾಳೆ ನಾ ಪಾನಾ ಮುಟ್ಟಂಗಿಲ್ಲ, ಪೂಜಾಕ್ಕ ಇಟ್ಟಿರ್ತೀನಿ. ಇವತ್ತ ಸಂಜೀಕ ಗಾಡಿ ಕಳಸ್ರಿ, ಹಾಕಿ ಕೊಡ್ತೀನಿ. ಅಪ್ಪಾರಿಗೆ ಹೇಳ್ರಿ." ಪಾನಾ ಎಂದರೆ ಸ್ಪ್ಯಾನರು. ನವಮಿಯ ದಿನ ಪೂಜೆಗಿಟ್ಟ ಹತಾರವನ್ನು ದಶಮಿ ಕಳೆಯುವ ತನಕ ಯಾರೂ ಮುಟ್ಟುವುದಿಲ್ಲ.

ನಾನು ಅಪ್ಪನಿಗೆ ಹೇಳಿದೆ. ಅಪ್ಪ ಬಾಳೆಲೆ ಎಣಿಸುತ್ತಿದ್ದರು. "ಇವತ್ತು ಕಲ್ಯಾಣ್ ಪೇಟೆಗೆ ಲೋಡು ಉಂಟಲ್ಲ. ಹಬ್ಬ ಕಳೀಲಿ" ಎಂದರು. ಅದರಲ್ಲಿ ನನಗೂ ತಪ್ಪೇನೂ ಕಾಣಲಿಲ್ಲ. ಹಬ್ಬ ಕಳೀಲಿ ಎಂದು ನಮ್ಮ ಮನೆಯಲ್ಲಿ ಯಾವ ಕೆಲಸವನ್ನು ಮುಂದೆ ಹಾಕಿರಲಿಲ್ಲ?

ನವಮಿಯಂದು ಭಟ್ಟರು ಬಂದರು. ಆಗಿನ್ನೂ ಅವರ ಜನಿವಾರ ಬೆಳ್ಳಗಿತ್ತು. ಗೊಂಡೆಹೂವಿನ ಹಾರ ಹಾಕಿ, ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಚಕ್ರಗಳ ಕೆಳಗೆ ಲಿಂಬೆಹಣ್ಣು ಇಟ್ಟರು. ಡ್ರೈವರ್ ಟೆಂಪೋವನ್ನು ಒಂದಿಷ್ಟು ಮುಂದೆ ಹಾಯಿಸಿ, ಒಂದಿಷ್ಟು ಹಿಂದೆ ತಂದ. ಅಂದೇ ಸಂಜೆ ಅವನು ಊರಿಗೆ ಹೊರಟ.

ದಸರೆಯ ಮರುದಿನ ಥಾಣೆಯಲ್ಲೊಂದು ಆರ್ಡರ್ ಇತ್ತು. ಬೆಳಿಗ್ಗೆ ಅಣ್ಣ ಪಾತ್ರೆ ತುಂಬಿಸಿಕೊಂಡು ಹೊರಟ. ಕೈಗೆ ಚಹಾ ಕೊಟ್ಟವಳು ನಾನು. ಕನ್ನಡಿಗೆ ಕಟ್ಟಿದ್ದ ಹಾರ ಅಡ್ಡ ಬರುತ್ತದೆ ಎಂದು ಅವನು ಗೊಣಗಿದ, ನಾನೇ ಬಿಚ್ಚಿಕೊಟ್ಟೆ. ಕ್ರಾಸಿನ ಮಾತು ನನ್ನ ತಲೆಗೆ ಬರಲೇ ಇಲ್ಲ. ಮುಂಬ್ರಾ ಬೈಪಾಸಿನ ಏರಿನಲ್ಲಿ ಕೀಲು ಮುರಿಯಿತು. ಕೆಳಗೆ ಬಿದ್ದ ಶಾಫ್ಟು ತಿರುಗುತ್ತಲೇ ಬಡಿದು ಬ್ರೇಕಿನ ಪೈಪನ್ನು ಹರಿದುಹಾಕಿತು. ಟೆಂಪೋ ಹಿಂದಕ್ಕೆ ಉರುಳಿ ಮಗುಚಿತು. ಅಣ್ಣ ಆಸ್ಪತ್ರೆಯ ಬಾಗಿಲವರೆಗೂ ಉಳಿಯಲಿಲ್ಲ.

ಸೂತಕದ ಮನೆಗೆ ಭಟ್ಟರು ಬಂದರು. ಒಳಗೆ ಬರಲಿಲ್ಲ, ಕೂರಲಿಲ್ಲ. ಹೊಸ್ತಿಲ ಹೊರಗೆ ನಿಂತು ಅಪ್ಪನನ್ನು ನೋಡಿ ಹೇಳಿದರು: "ಲಿಂಬೆ ಮೇಲೆ ಹಾಯಿಸುವಾಗ ನಂಗೆ ಕೇಳಿತ್ತು. ಮುಂದೆ ಹೋಗುವಾಗ ಟಕ್, ಹಿಂದೆ ಬರುವಾಗ ಟಕ್. ದಿವಾ ಸ್ಟೇಷನ್ ಹತ್ತಿರ ಬೇರೊಂದು ಗ್ಯಾರೇಜಿನಲ್ಲಿ ಕೇಳಿದೆ, ಕ್ರಾಸ್ ಹೋದರೆ ಬರುವುದು ಅದೇ ಶಬ್ದವಂತೆ. ನಾನು ಹೇಳಲಿಲ್ಲ. ಇನ್ನೂ ನಾಲ್ಕು ಕಡೆ ಪೂಜೆ ಉಂಟು ಅಂತ ಗಡಿಬಿಡಿಯಲ್ಲಿದ್ದೆ. ಒಂದು ಮಾತು ಹೇಳಿದ್ದರೆ ಹುಡುಗ ಉಳೀತಿದ್ದ."

ಅಮ್ಮ ಗೋಡೆಗೊರಗಿ ಕೂತಿದ್ದಳು. ಅಷ್ಟು ಅತ್ತವಳು ಅವರನ್ನೇ ಸಮಾಧಾನ ಮಾಡಿದಳು: "ನೀವೆಂತ ಮಾಡ್ತೀರಿ ಭಟ್ರೇ. ನಿಮಗೆ ಗಾಡಿ ವಿಷಯ ಎಂತ ಗೊತ್ತು. ಅವನ ಋಣ ಅಷ್ಟೇ ಇತ್ತು." ನಾನು ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಇಬ್ಬರೂ ನೆಲ ನೋಡಿದೆವು.

ಆಗಲೇ ಹೇಳಬೇಕಿತ್ತು. ಹೇಳಿದ್ದರೆ ಅಮ್ಮನಿಗೆ ಗೊತ್ತಾಗುತ್ತಿತ್ತು: ಗಂಡನಿಗೆ ತಿಳಿದಿತ್ತು, ಮಗಳಿಗೆ ತಿಳಿದಿತ್ತು, ಮಗನಿಗೆ ಮಾತ್ರ ತಿಳಿದಿರಲಿಲ್ಲ ಎಂದು. ಅದಾದ ಮೇಲೆ ಆ ಮನೆಯಲ್ಲಿ ಒಟ್ಟಿಗೆ ಅನ್ನ ತಿನ್ನುವುದು ಹೇಗೆ? ಅಪ್ಪ ಮತ್ತು ನಾನು ಅದರ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ಮೇಸ್ತ್ರಿ ಹೆದರಿ ಗ್ಯಾರೇಜು ಮುಚ್ಚಿ ಊರಿಗೆ ಹೋಗಿಬಿಟ್ಟ. ಉಳಿದ ಭಾರವನ್ನೆಲ್ಲ ಭಟ್ಟರು ಹೊತ್ತುಕೊಂಡರು. ನಾವು ಹೊರಲು ಬಿಟ್ಟೆವು.

ಮುಂದಿನ ದಸರೆಗೆ ಬೇರೆ ಭಟ್ಟರನ್ನು ಕರೆಯೋಣವೇ ಎಂದು ಅಪ್ಪ ಮೆಲ್ಲಗೆ ಕೇಳಿದರು. ಅಮ್ಮ ಒಪ್ಪಲಿಲ್ಲ. "ಬೇರೆಯವರನ್ನು ಕರೆದರೆ ಇವರದ್ದೇ ತಪ್ಪು ಅಂತ ನಾವೇ ಹೇಳಿದ ಹಾಗಾಗ್ತದೆ" ಎಂದಳು. ಹೀಗೆ ಭಟ್ಟರು ಮತ್ತೆ ಬಂದರು, ಈ ಸಲ ಟಾರ್ಚು, ಗೋಣಿಯ ಜೊತೆಗೆ. ಆ ಒಂದು ವರ್ಷ ಬಿಡುವಾದಾಗಲೆಲ್ಲ ದಿವಾದ ಗ್ಯಾರೇಜಿನಲ್ಲಿ ಕೂತು ಕೀಲು ನೋಡುವುದನ್ನು ಕಲಿತಿದ್ದರು. ಅಂದು ಅವರು ನಮ್ಮ ಹೊಸ ಟೆಂಪೋದ ಅಡಿಯಲ್ಲಿ ಬಹಳ ಹೊತ್ತು ಇದ್ದರು. ಎದ್ದು ಬಂದಾಗ ಅಪ್ಪ ನೀರು ಕೊಡದೆ ಒಳಗೆ ಹೋಗಿದ್ದರು.

ಪ್ರತಿ ವರ್ಷವೂ ಹಾಗೆಯೇ. ಭಟ್ಟರು ಅಡಿಗೆ ಹೋದರೆ ಅಪ್ಪ ಏನಾದರೊಂದು ನೆಪ ಹೇಳಿ ದೂರ ನಿಲ್ಲುತ್ತಿದ್ದರು. ಬೂದುಗುಂಬಳ ಒಡೆಯುವಾಗ ನನಗೆ ಕುಂಬಳಕಾಯಿ ಕಳ್ಳನ ಗಾದೆ ನೆನಪಾಗುತ್ತಿತ್ತು. ಹೆಗಲು ಮುಟ್ಟಿ ನೋಡಿಕೊಳ್ಳುವ ಧೈರ್ಯವೂ ಇರಲಿಲ್ಲ. ಒಮ್ಮೆ ಭಟ್ಟರು ಕೈ ತೊಳೆಯುತ್ತಾ ನನ್ನನ್ನು ಕೇಳಿದರು: "ನಿನ್ನ ಅಪ್ಪ ಇನ್ನೂ ನನ್ನ ಮುಖ ನೋಡುವುದಿಲ್ಲ ಅಲ್ವಾ ಮಗಳೇ? ನೋಡದಿದ್ದರೆ ತಪ್ಪಿಲ್ಲ. ಮಗನನ್ನು ಕಳಕೊಂಡವರು." ನಾನು ಚೊಂಬಿನಿಂದ ನೀರು ಹಾಕುತ್ತಿದ್ದೆ. "ಹಾಗೇನಿಲ್ಲ ಭಟ್ರೇ" ಎಂದೆ. ಅಷ್ಟೇ ಎಂದೆ. ಮಸಿ ಹೋಗಲಿಲ್ಲವೆಂದು ಇನ್ನೊಂದು ಚೊಂಬು ನೀರು ತಂದೆ.

ಅಪ್ಪ ಹೋದರು. ಕೆಲವು ವರ್ಷಗಳಾದ ಮೇಲೆ ಅಮ್ಮನೂ ಹೋದಳು. ಇನ್ನು ಯಾರಿಂದಲೂ ಮುಚ್ಚಿಡಬೇಕಾಗಿರಲಿಲ್ಲ. ಆದರೂ ಇವತ್ತು ನಾಳೆ ಎನ್ನುತ್ತಲೇ ಇದ್ದೆ. ಹಬ್ಬ ಕಳೀಲಿ ಎನ್ನುವುದು ನಮ್ಮ ಮನೆತನದ ರೋಗವಿರಬೇಕು. ಭಟ್ಟರು ತೀರಿಕೊಂಡದ್ದು ಶ್ರಾವಣದಲ್ಲಿ. ಅದಕ್ಕೆ ಮೊದಲು ಆಷಾಢದ ಒಂದು ಮಧ್ಯಾಹ್ನ, ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಠಾಕುರ್ಲಿಗೆ ಹೋದೆ. ಮಗಳು ಬಾಗಿಲು ತೆಗೆದು ಒಳಗೆ ಕಾಫಿ ಇಡಲು ಹೋದಳು. ಭಟ್ಟರು ಕಿಟಕಿಯ ಪಕ್ಕದ ಮಂಚದ ಮೇಲಿದ್ದರು. ಜನಿವಾರ ಹೊಸದು, ಬೆಳ್ಳಗಿತ್ತು. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

"ಟೆಂಪೋ ತೋರಿಸಿದೆಯಾ?" ಎಂದರು.

"ತೋರಿಸಿದೆ ಭಟ್ರೇ. ನಾನು ಬಂದದ್ದು ಅಣ್ಣನ ವಿಷಯಕ್ಕೆ."

ಎಲ್ಲವನ್ನೂ ಹೇಳಿದೆ. ಮೇಸ್ತ್ರಿಯ ಫೋನು, ಅಪ್ಪನ ಮಾತು, ಆ ಬೆಳಗಿನ ಚಹಾ, ನಾನು ಬಿಚ್ಚಿಕೊಟ್ಟ ಹಾರ. ಅವರು ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಹೋದರೇನೋ ಎಂದುಕೊಂಡೆ.

"ಹಾಗಾದ್ರೆ ನಿನ್ನ ಅಪ್ಪನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ" ಎಂದರು.

"ಇರಲಿಲ್ಲ. ನಿಮ್ಮ ತಪ್ಪೇನೂ ಇರಲಿಲ್ಲ ಭಟ್ರೇ. ಅದನ್ನು ಹೇಳಲಿಕ್ಕೇ ಬಂದೆ."

ಅವರು ಅಲ್ಲವೆಂದು ತಲೆಯಾಡಿಸಿದರು. "ಕೇಳಿದ್ದು ನನ್ನ ಕಿವಿ. ಅದನ್ನು ನೀನು ವಾಪಸ್ ತೆಗೆದುಕೊಂಡು ಹೋಗಲಿಕ್ಕೆ ಆಗುವುದಿಲ್ಲ." ಆಮೇಲೆ ಕೇಳಿದರು, "ನಿನ್ನ ಅಪ್ಪನಿಗೆ ನಿದ್ದೆ ಬರ್ತಿತ್ತಾ?"

"ಇಲ್ಲ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರ್ತಿದ್ದರು."

"ನಿಂಗೆ?"

ನಾನು ಕಿಟಕಿಯಾಚೆ ಸ್ಟೇಷನ್ನಿನ ಕಡೆ ನೋಡಿದೆ.

"ನಾನು ಈ ಕಿಟಕಿಯಲ್ಲಿ ಕೂತಿರ್ತಿದ್ದೆ" ಎಂದರು. "ಮೂವರೂ ಒಟ್ಟಿಗೆ ಕೂತುಕೊಳ್ಳಬಹುದಿತ್ತಲ್ಲ ಮಗಳೇ. ಇರುವುದು ಒಂದು ಸ್ಟೇಷನ್."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬಯ್ಯಲಿಲ್ಲ. ಮಗಳು ತಂದ ಕಾಫಿಯನ್ನು ನನ್ನ ಕಡೆ ಸರಿಸಿ, ಆರುವ ಮೊದಲು ಕುಡಿ ಎಂದರು. ನಾನು ಕುಡಿದೆ, ಕಾಲಿಗೆ ನಮಸ್ಕರಿಸಿ ಹೊರಟೆ. ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಮೇಲೆ ಅವರ ಕಿಟಕಿ ಕಾಣುತ್ತಿತ್ತು. ಲೋಕಲ್ ಬಂತು, ಹತ್ತಿದೆ. ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಡೊಂಬಿವ್ಲಿ ಬಂದುಬಿಟ್ಟಿತು.